ಹೆರಿಗೆ ಆಯಿತು, ಹೊಟ್ಟೆ ಉಳಿಯಿತು!

ಬೇಲೂರಿನ ಚೆನ್ನಕೇಶವ ದೇಗುಲಕ್ಕೆ ಬಂದವರೆಲ್ಲ ಕತ್ತೆತ್ತಿ ನೋಡುವುದು ಸೂರಿನಡಿಯ ಮದನಿಕೆಯರನ್ನು. 1117ರಲ್ಲಿ ವಿಷ್ಣುವರ್ಧನ ಪ್ರತಿಷ್ಠಾಪಿಸಿದ ಈ ಗುಡಿಯ ಶಿಲಾಬಾಲಿಕೆಯರ ಒಡವೆ, ಜಡೆ, ಬೆರಳಿನ ಭಂಗಿಗಳನ್ನು ಗೈಡುಗಳು ಬಣ್ಣಿಸಿದ್ದೇ ಬಣ್ಣಿಸಿದ್ದು. ಆದರೆ ಆ ಹೊಟ್ಟೆಗಳನ್ನು ಗಮನಿಸಿದ್ದೀರಾ? ಅವು ಹಲಗೆಯಂತೆ ಚಪ್ಪಟೆಯಾಗಿಲ್ಲ. ಹೊಕ್ಕುಳಿನ ಸುತ್ತ ತುಸು ಉಬ್ಬು, ತುಸು ಮೆದು. ಹೆಣ್ಣಿನ ಹೊಟ್ಟೆಯ ಮೂರು ಮಡಿಕೆಗಳಿಗೆ ‘ತ್ರಿವಳಿ’ ಎಂದು ಹೆಸರಿಟ್ಟು ಹೊಗಳಿದವರು ನಮ್ಮ ಹಳೆಯ ಕವಿಗಳೇ.

ಈಗ ಕಾಲ ಬೇರೆ. ಅದೇ ಬೇಲೂರಿನ ಬಾಣಂತಿಯ ಮೊಬೈಲಿನಲ್ಲಿ ‘ಹೊಟ್ಟೆ ಕರಗಿಸುವ’ ಜಾಹೀರಾತುಗಳು ಸಾಲುಸಾಲಾಗಿ ಬರುತ್ತವೆ. ಸಿಸೇರಿಯನ್ ಆದವಳಿಗಂತೂ ಕೇಳುವುದೇ ಬೇಡ. ಹೊಲಿಗೆಯ ಗೆರೆಯ ಮೇಲೆ ಜೋತುಬಿದ್ದ ಮಡಿಕೆ ನೋಡಿ ಅಕ್ಕಪಕ್ಕದವರು ‘ಇನ್ನೊಂದು ವಿಶೇಷವಾ?’ ಎಂದು ಕೇಳಿಬಿಟ್ಟರೆ ಮುಗಿಯಿತು. ಇದು ಒಬ್ಬಿಬ್ಬರ ಮಾತಲ್ಲ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಶೇ. 21.5ರಷ್ಟು ಹೆರಿಗೆಗಳು ಸಿಸೇರಿಯನ್. ಕರ್ನಾಟಕದಲ್ಲಿ ಅದು ಶೇ. 31ನ್ನೂ ದಾಟಿದೆ. ಅಂದರೆ ಹೆಚ್ಚೂಕಡಿಮೆ ಮೂವರಲ್ಲಿ ಒಬ್ಬಳು.

‘ಆಪರೇಷನ್ ಮಾಡಿದ್ದಕ್ಕೇ ಹೊಟ್ಟೆ ಬಂತು’ ಎಂಬುದು ಎಲ್ಲರ ಬಾಯಲ್ಲೂ ಇರುವ ಮಾತು. ಅದು ಅರ್ಧ ಸತ್ಯ ಮಾತ್ರ. ಜರ್ಮನಿಯ ವೈದ್ಯ ಫಾನೆನ್‌ಸ್ಟೀಲ್ 1900ರಲ್ಲಿ ವಿವರಿಸಿದ ಕೆಳಹೊಟ್ಟೆಯ ಅಡ್ಡ ಕೊಯ್ತವೇ ಇಂದಿಗೂ ಹೆಚ್ಚಾಗಿ ಬಳಕೆಯಲ್ಲಿದೆ. ಇದರಲ್ಲಿ ಚರ್ಮ, ಕೊಬ್ಬು ಮತ್ತು ಸ್ನಾಯುಗಳ ಮೇಲಿನ ಗಟ್ಟಿ ಪೊರೆಯನ್ನು ಕೊಯ್ಯುತ್ತಾರೆ. ಉದ್ದನೆಯ ಹೊಟ್ಟೆ ಸ್ನಾಯುಗಳನ್ನು ಸಾಮಾನ್ಯವಾಗಿ ಕತ್ತರಿಸುವುದಿಲ್ಲ, ಪಕ್ಕಕ್ಕೆ ಸರಿಸುತ್ತಾರೆ ಅಷ್ಟೆ. ಹೊಟ್ಟೆಯನ್ನು ಹಿಗ್ಗಿಸಿದ್ದು ಒಂಬತ್ತು ತಿಂಗಳ ಗರ್ಭ. ಸಹಜ ಹೆರಿಗೆಯಾದವರಿಗೂ ಹೊಟ್ಟೆ ಬರುವುದು ಅದಕ್ಕೇ. ಸಿಸೇರಿಯನ್ ಕೂಡಿಸುವುದು ಗಾಯದ ಗೆರೆಯನ್ನು. ಆ ಗೆರೆ ಒಳಗಿನ ಪದರಕ್ಕೆ ಅಂಟಿಕೊಂಡರೆ ಅಲ್ಲಿ ಚರ್ಮ ಒಳಕ್ಕೆ ಎಳೆಯುತ್ತದೆ. ಮೇಲಿನ ಭಾಗ ಅದರ ಮೇಲೆ ಸೂರಿನಂತೆ ಚಾಚಿಕೊಳ್ಳುತ್ತದೆ.

ಹಾಗಾದರೆ ಕನ್ನಡಿಯಲ್ಲಿ ಕಾಣುವುದು ಏನು? ಸಡಿಲಗೊಂಡ ಚರ್ಮವೋ, ಸೇರಿದ ಕೊಬ್ಬೋ, ಬೇರೆಯಾದ ಸ್ನಾಯುವೋ, ಎಳೆದುಕೊಂಡ ಕಲೆಯೋ? ಒಂದೊಂದಕ್ಕೂ ಮದ್ದು ಬೇರೆ. ಇದನ್ನು ತಿಳಿಯದೆ ಬೆಂಗಳೂರಿನ ರೈಲು ಹತ್ತಿದರೆ ದುಡ್ಡೂ ಹೋಗುತ್ತದೆ, ಹೊಟ್ಟೆಯೂ ಉಳಿಯುತ್ತದೆ.

ಎರಡು ಬೆರಳಿನ ಪರೀಕ್ಷೆ

ಸ್ನಾಯು ಬೇರೆಯಾಗಿದೆಯೇ ಎಂದು ಮನೆಯಲ್ಲೇ ಅಂದಾಜು ಮಾಡಬಹುದು. ಬೆನ್ನ ಮೇಲೆ ಮಲಗಿ, ಮೊಣಕಾಲು ಮಡಿಸಿ, ಹೊಕ್ಕುಳಿನ ಮೇಲೆ ಬೆರಳುಗಳನ್ನು ಅಡ್ಡಲಾಗಿ ಇಟ್ಟು ತಲೆಯನ್ನು ಮೆಲ್ಲಗೆ ಎತ್ತಬೇಕು. ಎರಡೂ ಬದಿಯ ಸ್ನಾಯುಗಳು ಗಟ್ಟಿಯಾಗುತ್ತವೆ. ಅವುಗಳ ನಡುವೆ ಎರಡು ಬೆರಳಿಗಿಂತ ಹೆಚ್ಚು ಸಲೀಸಾಗಿ ಇಳಿದರೆ ಅದು ‘ಡಯಾಸ್ಟಾಸಿಸ್ ರೆಕ್ಟೈ’ ಇರಬಹುದು. ಎಷ್ಟು ಉಪವಾಸ ಮಾಡಿದರೂ ಈ ಹೊಟ್ಟೆ ಇಳಿಯದು. ಏಕೆಂದರೆ ಇಲ್ಲಿ ತೊಂದರೆ ಕೊಬ್ಬಿನದಲ್ಲ, ಗೋಡೆಯದು.

ಹೆರಿಗೆಯಾದ ಮೊದಲ ತಿಂಗಳುಗಳಲ್ಲಿ ಈ ಅಂತರ ತಾನಾಗಿಯೇ ಸಾಕಷ್ಟು ಕಿರಿದಾಗುತ್ತದೆ. ವೈದ್ಯರು ಒಪ್ಪಿದ ಮೇಲೆ, ಸಾಮಾನ್ಯವಾಗಿ ಆರರಿಂದ ಎಂಟು ವಾರ ಕಳೆದ ನಂತರ, ಉಸಿರು ಬಿಡುತ್ತ ಹೊಟ್ಟೆಯನ್ನು ಬೆನ್ನಿನ ಕಡೆಗೆ ಎಳೆದು ಹಿಡಿಯುವಂಥ ವ್ಯಾಯಾಮಗಳನ್ನು ಶುರುಮಾಡಬಹುದು. ಫಿಸಿಯೋಥೆರಪಿಸ್ಟರಿಂದ ಒಮ್ಮೆ ಕಲಿತರೆ ಸಾಕು, ಮನೆಯಲ್ಲೇ ಮುಂದುವರಿಸಬಹುದು. ಮಲಗಿ ಎದ್ದು ಕೂರುವ ಕಸರತ್ತನ್ನು ಮಾತ್ರ ಆರಂಭದಲ್ಲೇ ಮಾಡಬಾರದು. ಅದರಿಂದ ಉಬ್ಬು ಹೆಚ್ಚಬಹುದು.

ಹಳೆಯ ಸೀರೆಯಿಂದ ಹೊಟ್ಟೆ ಬಿಗಿಯಾಗಿ ಕಟ್ಟುವ ಅಜ್ಜಿಯರ ಪದ್ಧತಿ? ಕೆಮ್ಮುವಾಗ, ಏಳುವಾಗ ಹೊಲಿಗೆಗೆ ಆಸರೆ ಸಿಗುತ್ತದೆ, ನಿಜ. ಆದರೆ ಕಟ್ಟಿದ್ದರಿಂದಲೇ ಕೊಬ್ಬು ಕರಗುವುದಿಲ್ಲ. ‘ನೀರು ಕುಡಿದರೆ ಹೊಟ್ಟೆ ಬರುತ್ತದೆ’ ಎಂದು ಬಾಣಂತಿಗೆ ನೀರು ಕಡಿಮೆ ಕೊಡುವುದಂತೂ ಅನ್ಯಾಯ. ಹಾಲೂಡಿಸುವ ತಾಯಿಗೆ ಹೆಚ್ಚೇ ನೀರು ಬೇಕು.

ಕೆಮ್ಮಿದಾಗ ಹೊಲಿಗೆಯ ಬಳಿಯೋ ಹೊಕ್ಕುಳಿನ ಬಳಿಯೋ ಗಂಟು ಹೊರಬಂದು, ಮಲಗಿದರೆ ಒಳಗೆ ಹೋಗುತ್ತಿದ್ದರೆ ಅದು ಹರ್ನಿಯಾ ಇದ್ದೀತು. ಇದು ಅಂದಚೆಂದದ ಪ್ರಶ್ನೆಯೇ ಅಲ್ಲ. ಗಂಟು ಒಳಗೆ ಹೋಗದೆ ಗಟ್ಟಿಯಾಗಿ, ನೋವು, ವಾಂತಿ ಶುರುವಾದರೆ ತಡಮಾಡದೆ ಆಸ್ಪತ್ರೆಗೆ ಓಡಬೇಕು. ಹರ್ನಿಯಾ ರಿಪೇರಿ ಸರ್ಕಾರಿ ಆಸ್ಪತ್ರೆಗಳಲ್ಲೂ ನಡೆಯುತ್ತದೆ. ಅರಸೀಕೆರೆ, ಹಳೇಬೀಡಿನವರು ಹಾಸನದ ವೈದ್ಯಕೀಯ ಕಾಲೇಜು ಆಸ್ಪತ್ರೆಯ ತನಕ ಹೋದರೆ ಸಾಕು. ಹಾಗೆಯೇ ಮುಟ್ಟಿನ ದಿನಗಳಲ್ಲಿ ಮಾತ್ರ ನೋಯುವ ಗಂಟು ಹೊಲಿಗೆಯಲ್ಲಿ ಕಂಡರೆ ಸ್ತ್ರೀರೋಗ ತಜ್ಞರಿಗೆ ತೋರಿಸಬೇಕು. ಗರ್ಭಕೋಶದ ಒಳಪದರದ ಚೂರು ಅಲ್ಲಿ ಬೆಳೆಯುತ್ತಿರಬಹುದು.

ಕತ್ತರಿ ಎಲ್ಲಿಗೆ?

ಕಲೆಯಷ್ಟೇ ಚಿಂತೆಯಾಗಿದ್ದರೆ ಅವಸರ ಬೇಡ. ಕೆಂಪಾಗಿ ಉಬ್ಬಿದ ಗೆರೆ ಮಾಸಿ ತಿಳಿಯಾಗಲು ಒಂದರಿಂದ ಒಂದೂವರೆ ವರ್ಷ ಬೇಕು. ಸಿಲಿಕೋನ್ ಪಟ್ಟಿ, ಉಬ್ಬು ಹೆಚ್ಚಾದರೆ ಸ್ಟಿರಾಯ್ಡ್ ಚುಚ್ಚುಮದ್ದು ನೆರವಾಗುತ್ತವೆ. ಒಳಕ್ಕೆ ಅಂಟಿದ ಕಲೆಯನ್ನು ಬಿಡಿಸಿ ಮತ್ತೆ ಹೊಲಿಯುವ ಚಿಕ್ಕ ಶಸ್ತ್ರಚಿಕಿತ್ಸೆಯೂ ಇದೆ. ಎಷ್ಟೋ ಜನರಿಗೆ ಇಷ್ಟರಲ್ಲೇ ಸಮಾಧಾನ.

ಚರ್ಮ ಬಿಗಿಯಾಗಿದ್ದು ಕೊಬ್ಬು ಮಾತ್ರ ಸೇರಿದ್ದರೆ ಲಿಪೋಸಕ್ಷನ್, ಅಂದರೆ ಕೊಳವೆಯಿಂದ ಕೊಬ್ಬು ಹೀರಿ ತೆಗೆಯುವ ವಿಧಾನ. ಸಡಿಲ ಚರ್ಮದವರು ಇದನ್ನು ಮಾಡಿಸಿಕೊಂಡರೆ ಗಾಳಿ ಹೋದ ಬಲೂನಿನಂತೆ ಹೊಟ್ಟೆ ಇನ್ನಷ್ಟು ಜೋಲುತ್ತದೆ. ಕರುಳಿನ ಸುತ್ತ ಸೇರಿದ ಕೊಬ್ಬನ್ನು ಈ ಕೊಳವೆ ಮುಟ್ಟುವುದೂ ಇಲ್ಲ.

ಚರ್ಮ, ಕೊಬ್ಬು, ಸ್ನಾಯು ಮೂರೂ ಕೆಟ್ಟಿದ್ದರೆ ಉಳಿಯುವುದು ಅಬ್ಡಾಮಿನೋಪ್ಲಾಸ್ಟಿ. ಜಾಹೀರಾತಿನವರ ಭಾಷೆಯಲ್ಲಿ ‘ಟಮ್ಮಿ ಟಕ್’. ಇದೇನೂ ಇಂದು ನಿನ್ನೆಯದಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ ಹೋವರ್ಡ್ ಕೆಲ್ಲಿ ಎಂಬ ಸ್ತ್ರೀರೋಗ ತಜ್ಞರು ಜೋತ ಹೊಟ್ಟೆಯನ್ನು ಕತ್ತರಿಸಿ ತೆಗೆದದ್ದು 1899ರಲ್ಲಿ. ಈಗಿನ ವಿಧಾನದಲ್ಲಿ ಕೆಳಹೊಟ್ಟೆಯಲ್ಲಿ ಒಂದು ಸೊಂಟದಿಂದ ಇನ್ನೊಂದು ಸೊಂಟದವರೆಗೆ ಕೊಯ್ದು, ಚರ್ಮವನ್ನು ಪಕ್ಕೆಲುಬಿನ ತನಕ ಬಿಡಿಸಿ, ಬೇರೆಯಾದ ಸ್ನಾಯುಗಳನ್ನು ನಡುವೆ ಹೊಲಿದು, ಚರ್ಮವನ್ನು ಕೆಳಗೆಳೆದು ಹೆಚ್ಚಾದದ್ದನ್ನು ಕತ್ತರಿಸುತ್ತಾರೆ. ಹೊಕ್ಕುಳು ಇದ್ದಲ್ಲೇ ಇರುತ್ತದೆ. ಅದಕ್ಕೆ ಹೊಸ ಕಿಂಡಿ ಮಾಡುತ್ತಾರೆ. ಸಿಸೇರಿಯನ್ನಿನ ಹಳೆಯ ಅಡ್ಡ ಕಲೆ ಸಾಮಾನ್ಯವಾಗಿ ಕತ್ತರಿಸಿದ ಚರ್ಮದ ಜೊತೆಗೇ ಹೋಗುತ್ತದೆ. ಸಂತೋಷ! ಆದರೆ ಅದರ ಜಾಗಕ್ಕೆ ಬರುವ ಹೊಸ ಕಲೆ ಅದಕ್ಕಿಂತ ಬಹಳ ಉದ್ದ. ಈ ಲೆಕ್ಕವನ್ನು ಮೊದಲೇ ಹೇಳುವವರು ಕಡಿಮೆ.

ಇದು ತೂಕ ಇಳಿಸುವ ಚಿಕಿತ್ಸೆಯಲ್ಲ. ತೂಕ ಮೊದಲು ಇಳಿದು ಕೆಲವು ತಿಂಗಳು ನಿಂತಿರಬೇಕು. ಹೆರಿಗೆಯಾಗಿ ಆರು ತಿಂಗಳಾದರೂ, ಒಂದು ವರ್ಷವಾದರೆ ಇನ್ನೂ ಒಳ್ಳೆಯದು, ಕಳೆದಿರಬೇಕು, ಹಾಲು ಬಿಡಿಸಿರಬೇಕು. ಸಿಸೇರಿಯನ್ ಜೊತೆಗೇ ಇದನ್ನೂ ಮುಗಿಸಿಬಿಡಿ ಎಂದು ಕೇಳುವವರಿದ್ದಾರೆ. ಊದಿಕೊಂಡ, ಹಿಗ್ಗಿದ ಹೊಟ್ಟೆಯಲ್ಲಿ ಎಷ್ಟು ಚರ್ಮ ತೆಗೆಯಬೇಕೆಂಬ ಅಳತೆ ಸಿಗದು. ಸೋಂಕು, ರಕ್ತಸ್ರಾವದ ಭಯ ಬೇರೆ. ಇನ್ನೊಂದು ಮಗು ಬೇಕೆಂದಿದ್ದರೂ ಕಾಯಬೇಕು. ಮತ್ತೆ ಗರ್ಭ ನಿಲ್ಲಲು ಅಡ್ಡಿಯಿಲ್ಲ, ಆದರೆ ಮಾಡಿದ ಕೆಲಸವೆಲ್ಲ ಮತ್ತೆ ಹಿಗ್ಗುತ್ತದೆ. ಎರಡನೇ ಸಿಸೇರಿಯನ್ನಿನಲ್ಲೇ ಸಂತಾನಹರಣ ಚಿಕಿತ್ಸೆಯನ್ನೂ ಮಾಡಿಸಿಕೊಳ್ಳುವವರು ನಮ್ಮಲ್ಲಿ ಬಹಳ. ಅವರಿಗೆ ಈ ಚಿಂತೆ ಇಲ್ಲ.

ಅಪಾಯದ ಮಾತನ್ನು ಮೆಲ್ಲಗೆ ಹೇಳಿ ದಾಟಿಸುವಂತಿಲ್ಲ. ಚರ್ಮದಡಿ ನೀರು ತುಂಬಬಹುದು, ಸೋಂಕಾಗಬಹುದು, ಹೊಕ್ಕುಳಿನ ಕೆಳಗೆ ತಿಂಗಳುಗಟ್ಟಲೆ ಸ್ಪರ್ಶ ತಿಳಿಯದಿರಬಹುದು. ಮಧುಮೇಹಿಗಳಲ್ಲಿ ಗಾಯದ ಅಂಚು ಕಪ್ಪಾಗಿ ಸಾಯಲೂಬಹುದು. ಎಲ್ಲಕ್ಕಿಂತ ಭಯಂಕರವಾದದ್ದು ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಏರುವುದು. ಕೊಬ್ಬು ಹೀರುವುದನ್ನೂ ಹಗುರವಾಗಿ ಕಾಣುವಂತಿಲ್ಲ. 2022ರ ಮೇ ತಿಂಗಳಲ್ಲಿ ಬೆಂಗಳೂರಿನಲ್ಲಿ ಕೊಬ್ಬು ತೆಗೆಸುವ ಶಸ್ತ್ರಚಿಕಿತ್ಸೆಗೆ ಒಳಗಾದ ಬಳಿಕ ತೀರಿಕೊಂಡ ಕಿರುತೆರೆ ನಟಿ ಚೇತನಾ ರಾಜ್ ಅವರಿಗೆ ಆಗ ಕೇವಲ 21 ವರ್ಷ.

ರೈಲು ಹತ್ತುವ ಮುನ್ನ

ಅರಸೀಕೆರೆ ಜಂಕ್ಷನ್ನಿನಿಂದ ಬೆಂಗಳೂರಿಗೆ ಮೂರು ಗಂಟೆಯೊಳಗೆ ಹೋಗಬಹುದು. ಹೋಗುವುದು ಸುಲಭ, ಬರುವುದೇ ಕಷ್ಟ. ಚರ್ಮದಡಿಯ ನೀರು ಇಳಿಯಲು ಹಾಕಿದ ಕೊಳವೆ ಕೆಲವು ದಿನ ಹೊಟ್ಟೆಯಲ್ಲೇ ಇರುತ್ತದೆ. ವಾರದವರೆಗೆ ಸೊಂಟ ಬಗ್ಗಿಸಿಯೇ ನಡೆಯಬೇಕು. ಹೊತ್ತುಗಟ್ಟಲೆ ಕೂತು ಪ್ರಯಾಣ ಮಾಡಿದರೆ ಹೆಪ್ಪುಗಟ್ಟುವ ಅಪಾಯ ಹೆಚ್ಚು. ಆದ್ದರಿಂದ ಮೊದಲ ವಾರ ಹತ್ತು ದಿನ ಬೆಂಗಳೂರಿನಲ್ಲೇ ನೆಂಟರ ಮನೆಯೋ ಬಾಡಿಗೆ ಕೋಣೆಯೋ ಬೇಕು. ಆರು ವಾರ ಭಾರ ಎತ್ತುವಂತಿಲ್ಲ: ನೀರಿನ ಕೊಡವಿಲ್ಲ, ತೆಂಗಿನಕಾಯಿ ಚೀಲವಿಲ್ಲ, ಎರಡು ವರ್ಷದ ಮಗುವನ್ನೂ ಕಂಕುಳಿಗೆ ಏರಿಸುವಂತಿಲ್ಲ. ಆ ದಿನಗಳಲ್ಲಿ ಮನೆಯ ಕೆಲಸ ಯಾರು ಮಾಡುತ್ತಾರೆ ಎಂದು ಗಂಡನ ಜೊತೆ, ಅತ್ತೆಯ ಜೊತೆ ಕೂತು ಮಾತಾಡಿಕೊಳ್ಳದೆ ಮುಂಗಡ ಕಟ್ಟಬಾರದು. ಖರ್ಚು ಲಕ್ಷದ ಮೇಲೆಯೇ. ಅಂದಕ್ಕೆಂದೇ ಮಾಡಿಸುವ ಚಿಕಿತ್ಸೆಗೆ ಆಯುಷ್ಮಾನ್ ಕಾರ್ಡು ನಡೆಯುವುದಿಲ್ಲ.

ಮಾಡುವವರು ಯಾರು ಎಂಬುದನ್ನು ಕೇಳಲು ಸಂಕೋಚ ಬೇಡ. ಪ್ಲಾಸ್ಟಿಕ್ ಸರ್ಜರಿಯಲ್ಲಿ ಎಂ.ಸಿ.ಎಚ್. ಅಥವಾ ಡಿ.ಎನ್.ಬಿ. ಪದವಿ ಇದೆಯೇ? ಅರಿವಳಿಕೆ ತಜ್ಞರು ಕೊನೆಯವರೆಗೂ ಜೊತೆಗಿರುತ್ತಾರೆಯೇ? ಏನಾದರೂ ಆದರೆ ಅದೇ ಕಟ್ಟಡದಲ್ಲಿ ತುರ್ತು ನಿಗಾ ಘಟಕ ಇದೆಯೇ? 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯಡಿ ಪ್ರತಿ ಖಾಸಗಿ ಆಸ್ಪತ್ರೆ, ಕ್ಲಿನಿಕ್ಕಿಗೂ ನೋಂದಣಿ ಕಡ್ಡಾಯ. ಆ ಪ್ರಮಾಣಪತ್ರವನ್ನು ತೋರಿಸಿ ಎನ್ನಬಹುದು. ಸಿಸೇರಿಯನ್ ಆದಾಗ ಕೊಟ್ಟ ಡಿಸ್ಚಾರ್ಜ್ ಚೀಟಿಯನ್ನು ಎಸೆಯದೆ ಜೊತೆಗೆ ಒಯ್ಯಬೇಕು. ಕೊಯ್ತ ಅಡ್ಡವೋ ಉದ್ದವೋ, ಸೋಂಕಾಗಿತ್ತೇ, ರಕ್ತ ಏರಿಸಿದ್ದರೇ ಎಂಬುದೆಲ್ಲ ಹೊಸ ವೈದ್ಯರಿಗೆ ಮೊದಲು ತಿಳಿಯುವುದು ಅದರಿಂದಲೇ.