ದೂರದ ಬೆಟ್ಟವೂ ಕ್ಯಾಮರಾದ ಕಣ್ಣೂ

‘ದೂರದ ಬೆಟ್ಟ ನುಣ್ಣಗೆ’ ಎಂಬುದು ಕನ್ನಡ ನಾಡಿನ ಆಬಾಲವೃದ್ಧರೆಲ್ಲರೂ ಬಲ್ಲ ಗಾದೆ. ಬೆಟ್ಟವು ನಿಜಕ್ಕೂ ನುಣ್ಣಗಿರುವುದಿಲ್ಲ. ದೂರವು ಅದರ ಕಲ್ಲುಮುಳ್ಳುಗಳನ್ನು ಮರೆಮಾಡಿ ಹಾಗೆ ತೋರಿಸುತ್ತದೆ. ಈ ದೂರವನ್ನು ಗೆಲ್ಲಲೆಂದು ಹುಟ್ಟಿದ ಯಂತ್ರವೇ ದೀರ್ಘ ಜೂಮ್‌ನ ಡಿಜಿಟಲ್ ಕ್ಯಾಮರಾ. ಹೊಳೆಯ ನಡುಗಡ್ಡೆಯಲ್ಲಿ ಕುಳಿತ ಕೊಕ್ಕರೆಯನ್ನೂ ಬಾನಿನ ಚಂದ್ರನನ್ನೂ ಅದು ಅಂಗೈಯಗಲದ ತೆರೆಯ ಮೇಲೆ ತಂದು ನಿಲ್ಲಿಸುತ್ತದೆ. ಆದರೆ ಹತ್ತಿರಕ್ಕೆ ತಂದ ಮಾತ್ರಕ್ಕೆ ಕಲ್ಲುಮುಳ್ಳುಗಳು ಕಾಣುವುವೆ? ಅಥವಾ ಬೆಟ್ಟವು ದೊಡ್ಡದಾಗಿಯೂ ನುಣ್ಣಗೇ ಉಳಿಯುವುದೆ? ಇಂಥ ಕ್ಯಾಮರಾದ ಚಿತ್ರಗುಣವನ್ನು ಅಳೆಯುವುದೆಂದರೆ ಈ ಪ್ರಶ್ನೆಗೆ ಉತ್ತರ ಹುಡುಕುವುದೇ ಆಗಿದೆ.

ವಿಷಯವು ಸ್ಪಷ್ಟವಾಗಲು ಒಂದು ನಿದರ್ಶನವನ್ನು ತೆಗೆದುಕೊಳ್ಳಬಹುದು. 2018ರಲ್ಲಿ ನಿಕಾನ್ ಸಂಸ್ಥೆಯು ಕೂಲ್‌ಪಿಕ್ಸ್ ಪಿ1000 ಎಂಬ ಕ್ಯಾಮರಾವನ್ನು ಹೊರತಂದಿತು. ಅದರ ಜೂಮ್ 125 ಪಟ್ಟು ಎಂದು ಪ್ರಸಿದ್ಧವಾಯಿತು. ಈ ಸಂಖ್ಯೆಯ ಅರ್ಥವನ್ನು ಮೊದಲು ತಿಳಿಯಬೇಕು. ವಸ್ತುವು ಬರಿಗಣ್ಣಿಗಿಂತ 125 ಪಟ್ಟು ದೊಡ್ಡದಾಗಿ ಕಾಣುತ್ತದೆಂದು ಇದರ ಅರ್ಥವಲ್ಲ. ಹಳೆಯ 35 ಮಿಲಿಮೀಟರ್ ಫಿಲ್ಮಿನ ಲೆಕ್ಕದಲ್ಲಿ ಈ ಮಸೂರದ ನಾಭಿದೂರ 24 ಮಿಲಿಮೀಟರಿನಿಂದ 3000 ಮಿಲಿಮೀಟರಿನವರೆಗೆ ಹಿಗ್ಗುತ್ತದೆ. 3000ವನ್ನು 24ರಿಂದ ಭಾಗಿಸಿದರೆ 125 ಬರುತ್ತದೆ, ಅಷ್ಟೆ. ಅಂದರೆ ಇದು ಅತಿ ಅಗಲದ ನೋಟಕ್ಕೂ ಅತಿ ಕಿರಿದಾದ ನೋಟಕ್ಕೂ ಇರುವ ಅನುಪಾತವೇ ಹೊರತು ಚಿತ್ರದ ಗುಣವನ್ನು ಸೂಚಿಸುವ ಸಂಖ್ಯೆಯಲ್ಲ.

ಇಷ್ಟು ಉದ್ದದ ನೋಟ ಕೈಯಲ್ಲಿ ಹಿಡಿಯುವಂಥ ಯಂತ್ರದಲ್ಲಿ ಹೇಗೆ ಅಡಗಿತು? ಅದರ ಗುಟ್ಟು ಸಂವೇದಕದ ಚಿಕ್ಕತನದಲ್ಲಿದೆ. ಬೆಳಕನ್ನು ಹಿಡಿಯುವ ಆ ಫಲಕದ ಅಗಲ ಸುಮಾರು 6.2 ಮಿಲಿಮೀಟರ್, ಎತ್ತರ ಸುಮಾರು 4.6 ಮಿಲಿಮೀಟರ್, ಕಡಲೆಬೇಳೆಯಷ್ಟು ಸ್ಥಳವೆನ್ನಬಹುದು. ಹಳೆಯ ಫಿಲ್ಮಿನ ಒಂದು ಚೌಕಟ್ಟಿನ ವಿಸ್ತೀರ್ಣದಲ್ಲಿ ಇದು ಮೂವತ್ತನೆಯ ಒಂದು ಪಾಲು. ಬಿಂಬವು ಚಿಕ್ಕದಾದುದರಿಂದ ಮಸೂರದ ನಿಜವಾದ ನಾಭಿದೂರ 539 ಮಿಲಿಮೀಟರ್ ಇದ್ದರೆ ಸಾಕಾಯಿತು. ಆದರೆ ಈ ಕಿರುಫಲಕದಲ್ಲಿ ಒಂದು ಕೋಟಿ ಅರುವತ್ತು ಲಕ್ಷ ಬೆಳಕಿನ ಕೋಶಗಳನ್ನು ಕೂಡಿಸಲಾಗಿದೆ. ಒಂದೊಂದರ ಅಗಲ ಸುಮಾರು 1.34 ಮೈಕ್ರೋಮೀಟರ್. ಇಕ್ಕಟ್ಟು ಹುಟ್ಟುವುದು ಇಲ್ಲಿಯೇ.

ಬೆಳಕು ಅಲೆಯ ಸ್ವಭಾವವುಳ್ಳದ್ದು. ವೃತ್ತಾಕಾರದ ಕಿಂಡಿಯೊಂದನ್ನು ದಾಟಿ ಬಂದಾಗ ಅದು ಸ್ವಲ್ಪ ಹರಡಿಕೊಳ್ಳುತ್ತದೆ. ಆದಕಾರಣ ದೂರದ ಒಂದು ಬಿಂದುವು ಮಸೂರದ ಹಿಂದೆ ಬಿಂದುವಾಗಿ ಮೂಡದೆ ಸಣ್ಣ ಬಿಲ್ಲೆಯಾಗಿ ಮೂಡುತ್ತದೆ. 1835ರಲ್ಲಿ ಇದನ್ನು ಗಣಿತದಿಂದ ವಿವರಿಸಿದವನು ಜಾರ್ಜ್ ಏರಿ ಎಂಬ ಆಂಗ್ಲ ಖಗೋಳಜ್ಞ. ಆ ಬಿಲ್ಲೆಗೆ ಅವನ ಹೆಸರೇ ನಿಂತಿದೆ. ಪಿ1000ದ ಮಸೂರವನ್ನು ಪೂರ್ಣ ಚಾಚಿದಾಗ ಅದರ ದ್ವಾರವು ಎಫ್/8ಕ್ಕಿಂತ ಹೆಚ್ಚು ತೆರೆಯದು. ಆಗ ಹಸಿರು ಬೆಳಕಿನ ಬಿಲ್ಲೆಯ ವ್ಯಾಸ ಹತ್ತು ಮೈಕ್ರೋಮೀಟರಿಗೂ ಮಿಕ್ಕಿರುತ್ತದೆ. ಎಂದರೆ ಒಂದೇ ಬಿಂದುವಿನ ಬಿಂಬವು ಅಡ್ಡಗಲದಲ್ಲಿ ಎಂಟು ಕೋಶಗಳ ಮೇಲೆ ಚೆಲ್ಲಿಕೊಳ್ಳುತ್ತದೆ. ಕೋಶಗಳು ಕೋಟಿಯನ್ನು ಮೀರಿದ್ದರೂ ಅವು ಹೇಳುವ ಬೇರೆಬೇರೆ ಸುದ್ದಿಗಳು ಅಷ್ಟಿಲ್ಲ. ನೆರೆಯವನು ಹೇಳಿದುದನ್ನೇ ನೆರೆಯವನು ಮತ್ತೆ ಹೇಳುತ್ತಿರುತ್ತಾನೆ.

ಇದಕ್ಕೆ ಪ್ರತಿಯಾಗಿ 2017ರಲ್ಲಿ ಬಂದ ಸೋನಿ ಆರ್‌ಎಕ್ಸ್10 ಸರಣಿಯ ನಾಲ್ಕನೆಯ ಮಾದರಿಯನ್ನು ನೋಡಬಹುದು. ಅದರ ಸಂವೇದಕದ ವಿಸ್ತೀರ್ಣ ಪಿ1000ದಕ್ಕಿಂತ ನಾಲ್ಕು ಪಟ್ಟು ಹಿರಿದು. ನೋಟವೋ 600 ಮಿಲಿಮೀಟರಿಗೇ ನಿಲ್ಲುತ್ತದೆ. 3000 ಎಂಬುದು 600ರ ಐದು ಪಟ್ಟು. ಆದುದರಿಂದ ಸೂಕ್ಷ್ಮವೂ ಐದು ಪಟ್ಟು ಕಾಣಬೇಕೆಂದು ಕೊಳ್ಳುವವನು ನಂಬುತ್ತಾನೆ. ಆದರೆ ಬೆಳಕು ಒಳಬರುವ ದ್ವಾರದ ವ್ಯಾಸ ಮೊದಲನೆಯದರಲ್ಲಿ ಸುಮಾರು 67 ಮಿಲಿಮೀಟರ್, ಎರಡನೆಯದರಲ್ಲಿ 55 ಮಿಲಿಮೀಟರ್. ಸೂಕ್ಷ್ಮದ ಮೇರೆಯನ್ನು ಕಟ್ಟುವುದು ಈ ವ್ಯಾಸ. ಎರಡನೆಯದರ ಕೋಶಗಳು ದೊಡ್ಡವಾಗಿ, ಬಿಲ್ಲೆಯನ್ನು ಪೂರ್ತಿ ಅಳೆಯಲಾರವೆಂಬ ಕೊರತೆಯನ್ನು ಲೆಕ್ಕಕ್ಕೆ ಹಿಡಿದರೂ ಪಿ1000ಕ್ಕೆ ದೊರೆಯುವ ಮೇಲ್ಮೆ ಸುಮಾರು ಎರಡು ಪಟ್ಟು, ಐದಲ್ಲ. ಹಾಗೆಂದು ಅದು ಹುಸಿ ಯಂತ್ರವಲ್ಲ. ನಿರ್ಮಲವಾದ ಗಾಳಿಯಲ್ಲಿ ನೂರು ಮೀಟರ್ ದೂರದಲ್ಲಿ ಒಂದು ಮಿಲಿಮೀಟರ್ ಅಂತರದ ಎರಡು ಚುಕ್ಕೆಗಳನ್ನು ಬಿಡಿಸಿ ತೋರುವ ಶಕ್ತಿ ಅದಕ್ಕೆ ತತ್ತ್ವತಃ ಉಂಟು. ಮೆಚ್ಚತಕ್ಕುದು ಆ ಶಕ್ತಿಯನ್ನು, 125 ಎಂಬ ಸಂಖ್ಯೆಯನ್ನಲ್ಲ.

ಇನ್ನೊಂದು ತತ್ತ್ವವನ್ನೂ ಅರಿಯಬೇಕು. ನಮ್ಮ ತರ್ಕಶಾಸ್ತ್ರವು ಪ್ರತ್ಯಕ್ಷವನ್ನೂ ಅನುಮಾನವನ್ನೂ ಬೇರೆಬೇರೆ ಪ್ರಮಾಣಗಳೆಂದು ಎಣಿಸುತ್ತದೆ. ಡಿಜಿಟಲ್ ಚಿತ್ರದಲ್ಲಿ ಎರಡೂ ಬೆರೆತಿವೆ. ಕೊಡಕ್ ಸಂಸ್ಥೆಯ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ಪಡೆದ ಕ್ರಮದಂತೆ ನಾಲ್ಕು ಕೋಶಗಳ ಗುಂಪಿನಲ್ಲಿ ಎರಡು ಹಸಿರನ್ನು, ಒಂದು ಕೆಂಪನ್ನು, ಒಂದು ನೀಲಿಯನ್ನು ಮಾತ್ರ ಕಾಣುತ್ತವೆ. ಪ್ರತಿಯೊಂದು ಕೋಶಕ್ಕೂ ಉಳಿದೆರಡು ಬಣ್ಣಗಳನ್ನು ನೆರೆಹೊರೆಯಿಂದ ಊಹಿಸಿ ತುಂಬುವುದು ಯಂತ್ರದ ಲೆಕ್ಕಾಚಾರ. ಬೆಳಕು ಕುಂದಿದಂತೆ ಊಹೆಯ ಪಾಲು ಬೆಳೆಯುತ್ತದೆ. ಕಡಿಮೆ ಬೆಳಕಿನ ಸಂಕೇತವನ್ನು ಹಿಗ್ಗಿಸಿದಾಗ ಮರಳು ಚೆಲ್ಲಿದಂಥ ಕಣಕಣವು ಚಿತ್ರದ ತುಂಬ ಏಳುತ್ತದೆ. ಅದನ್ನು ಅಳಿಸಲು ಹೊರಟ ಯಂತ್ರವು ಅದರೊಡನೆ ನಿಜವಾದ ಎಳೆಗಳನ್ನೂ ಒರೆಸಿಬಿಡುತ್ತದೆ. ಬಳಿಕ ಅಂಚುಗಳನ್ನು ತಿದ್ದಿ ಹರಿತಗೊಳಿಸುತ್ತದೆ. ನೋಟಕ್ಕೆ ಚಿತ್ರವು ಚೊಕ್ಕಟ. ಒಳಗೆ ಬಣ್ಣ ಬಳಿದ ಗೋಡೆ.

ಬಂಗಾರವನ್ನು ಒರೆದು, ಕತ್ತರಿಸಿ, ಕಾಸಿ, ಬಡಿದು ನೋಡುವುದು ಹಿರಿಯರ ರೂಢಿ. ಈ ಕ್ಯಾಮರಾಕ್ಕೂ ನಾಲ್ಕು ಪರೀಕ್ಷೆಗಳು ಸಾಕು. ಯಾವುದಕ್ಕೂ ಪ್ರಯೋಗಾಲಯ ಬೇಕಿಲ್ಲ.

ಮೊದಲನೆಯದು ಸೂಕ್ಷ್ಮದ ಪರೀಕ್ಷೆ. ದಿನಪತ್ರಿಕೆಯ ಹಾಳೆಗಳನ್ನು ಗೋಡೆಗೆ ಮಟ್ಟಸವಾಗಿ ಅಂಟಿಸಬೇಕು. ಕ್ಯಾಮರಾವನ್ನು ಮುಕ್ಕಾಲಿಯ ಮೇಲಿರಿಸಿ, ಅಲುಗು ತಡೆಯುವ ಏರ್ಪಾಡನ್ನು ನಿಲ್ಲಿಸಿ, ಕೈ ಸೋಕದಂತೆ ಸ್ವಯಂಚಾಲಕದಿಂದ ಚಿತ್ರ ತೆಗೆಯಬೇಕು. ಅಗಲದ ತುದಿ, ನಡು, ಉದ್ದದ ತುದಿ, ಈ ಮೂರು ನೆಲೆಗಳಲ್ಲಿಯೂ ತೆಗೆದು ನಡುವಿನ ಅಕ್ಷರಗಳನ್ನು ಮೂಲೆಯ ಅಕ್ಷರಗಳೊಡನೆ ಹೋಲಿಸಬೇಕು. ಒತ್ತಕ್ಷರ ಎಲ್ಲಿಯವರೆಗೆ ಓದಲು ಬರುತ್ತದೋ ಅಲ್ಲಿಯವರೆಗೆ ಆ ಮಸೂರವನ್ನು ನಂಬಬಹುದು.

ಎರಡನೆಯದು ಅಂಚಿನ ಪರೀಕ್ಷೆ. ಬಿಳಿಯ ಮುಗಿಲಿನ ಎದುರು ಒಣಗಿದ ಕೊಂಬೆಗಳ ಚಿತ್ರ ತೆಗೆದರೆ, ಬಣ್ಣಗಳನ್ನು ಒಂದೆಡೆ ಕೂಡಿಸಲಾರದ ಮಸೂರವು ಕೊಂಬೆಯ ಅಂಚಿಗೆ ನೇರಳೆಯ ಅಥವಾ ಹಸಿರಿನ ಗೀಟೊಂದನ್ನು ಸೇರಿಸುತ್ತದೆ. ಕಟ್ಟಡದ ನೆಟ್ಟನೆಯ ಕಂಬವು ಅಗಲದ ನೋಟದಲ್ಲಿ ಬಾಗಿದೆಯೆ ಎಂಬುದನ್ನೂ ಇದರ ಜೊತೆಗೇ ನೋಡಬಹುದು.

ಮೂರನೆಯದು ಮಬ್ಬಿನ ಪರೀಕ್ಷೆ. ಕಾಸಿ ನೋಡುವುದೆಂದರೆ ಇದೇ. ಸಂಜೆಯ ಕೋಣೆಯಲ್ಲಿ ಕಂಬಳಿಯ ತುಂಡನ್ನೋ ಹಕ್ಕಿಯ ಗರಿಯನ್ನೋ ಇರಿಸಿ, ಐಎಸ್‌ಒ ಸಂಖ್ಯೆಯನ್ನು 100, 200, 400, 800, 1600 ಎಂದು ಏರಿಸುತ್ತ ತೆಗೆಯಬೇಕು. ಎಳೆಗಳು ಯಾವ ಮೆಟ್ಟಿಲಲ್ಲಿ ಕರಗಿ ಮೇಣದಂತಾಗುತ್ತವೆಯೋ ಅದೇ ಬಳಕೆಯ ಮೇರೆ. ಕ್ಯಾಮರಾವು ಸಂಸ್ಕರಿಸದ ‘ರಾ’ ಕಡತವನ್ನು ಉಳಿಸಬಲ್ಲದಾದರೆ ಅದನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಬೆಳಕು ತಂದುದೆಷ್ಟು, ಯಂತ್ರವು ಅಳಿಸಿ ತಿದ್ದಿದ್ದೆಷ್ಟು ಎಂಬುದು ಆಗ ವಿಶದವಾಗುತ್ತದೆ. ಪಿ1000ಕ್ಕೆ ಈ ಸೌಲಭ್ಯವುಂಟು. 2015ರ ಅದರ ಹಿರಿಯ ಸೋದರ ಪಿ900ಕ್ಕೆ ಇರಲಿಲ್ಲ.

ನಾಲ್ಕನೆಯದು ಕೈಯ ಪರೀಕ್ಷೆ. ನಾಭಿದೂರದ ಸಂಖ್ಯೆಯನ್ನೇ ಛೇದವಾಗಿಸಿ ಅಷ್ಟು ಸಣ್ಣ ಕಾಲದಲ್ಲಿ ಚಿತ್ರ ಹಿಡಿಯಬೇಕೆಂಬುದು ಹಳೆಯ ಸೂತ್ರ. ಅದರಂತೆ 3000 ಮಿಲಿಮೀಟರಿಗೆ ಸೆಕೆಂಡಿನ ಮೂರು ಸಾವಿರದ ಒಂದಂಶ ಬೇಕು. ಎಫ್/8ರ ಕಿರಿದ್ವಾರದಲ್ಲಿ ಅಷ್ಟು ಬೆಳಕು ಸಾಮಾನ್ಯವಾಗಿ ಸಿಗದು. ಆದುದರಿಂದ ಅಲುಗುತಡೆಯನ್ನು ಮತ್ತೆ ಚಾಲೂ ಮಾಡಿ, ಕೈಯಲ್ಲಿ ಹಿಡಿದು ಹತ್ತು ಚಿತ್ರ ತೆಗೆದು, ಸ್ಫುಟವಾದವು ಎಷ್ಟೆಂದು ಎಣಿಸಬೇಕು. ಒಂದು ಒಳ್ಳೆಯ ಚಿತ್ರ ಅದೃಷ್ಟವಿರಬಹುದು. ಹತ್ತರಲ್ಲಿ ಏಳು ಬಂದರೆ ಅದು ಗುಣ.

ಪರೀಕ್ಷಕನು ಎರಡು ಎಚ್ಚರಿಕೆಗಳನ್ನು ಮರೆಯಬಾರದು. ನಡುಹಗಲಲ್ಲಿ ಕಾದ ನೆಲದಿಂದ ಏಳುವ ಗಾಳಿಯು ದೂರದ ಬಿಂಬವನ್ನು ನೀರಿನಂತೆ ಕಲಕುತ್ತದೆ. ಆ ದೋಷವನ್ನು ಮಸೂರದ ಮೇಲೆ ಹೊರಿಸುವುದು ನ್ಯಾಯವಲ್ಲ. ದೂರದ ಪರೀಕ್ಷೆಗೆ ಬೆಳಗಿನ ಹೊತ್ತೇ ಯೋಗ್ಯ. ಎರಡನೆಯದಾಗಿ, ಎರಡು ಕ್ಯಾಮರಾಗಳನ್ನು ತೂಗುವಾಗ ಎರಡರ ಚಿತ್ರಗಳನ್ನೂ ಒಂದೇ ಅಳತೆಗೆ ತಂದು ನೋಡಬೇಕು. ಕೈಫೋನಿನ ಕಿರುತೆರೆಯಲ್ಲಿ ಎಲ್ಲ ಚಿತ್ರಗಳೂ ಚೆಲುವೆ.

ಇಷ್ಟೊಂದು ಶೋಧನೆ ಏತಕ್ಕೆ ಎಂದು ಕೇಳಬಹುದು. ಚಳಿಗಾಲದಲ್ಲಿ ನಮ್ಮ ತೋಪುಗಳಿಗೆ ಉತ್ತರದಿಂದ ಉಲಿಯಕ್ಕಿಗಳು ಬರುತ್ತವೆ. ಒಂದನ್ನೊಂದು ಹೋಲುವ ಆ ಹಸಿರುಹಕ್ಕಿಗಳ ಜಾತಿಯನ್ನು ಗುರುತಿಸಲು ಹಲವೆಡೆ ರೆಕ್ಕೆಯ ಮೇಲಿನ ತೆಳುಬಿಳಿಯ ಗೆರೆಯೊಂದೇ ಕುರುಹು. ಮರದ ನೆರಳಿನಲ್ಲಿ ತೆಗೆದ ಚಿತ್ರದಲ್ಲಿ ಯಂತ್ರವು ಆ ಗೆರೆಯನ್ನು ಕಣವೆಂದು ಬಗೆದು ಒರೆಸಿದರೆ ಹಕ್ಕಿಯ ಹೆಸರೇ ತಪ್ಪುತ್ತದೆ. ಆ ಚಿತ್ರವನ್ನು ಸಾಕ್ಷಿಯೆಂದು ನಂಬಿದ ವಿದ್ಯಾರ್ಥಿಯ ಟಿಪ್ಪಣಿಯಲ್ಲಿ ಬಾರದ ಹಕ್ಕಿ ಬಂದಂತೆ ದಾಖಲಾಗುತ್ತದೆ. ಇನ್ನು ತಿಂಗಳು ತಿಂಗಳು ಹಣ ಕೂಡಿಟ್ಟು, ಪೆಟ್ಟಿಗೆಯ ಮೇಲಣ ಸಂಖ್ಯೆಯನ್ನು ಕಂಡು ಕ್ಯಾಮರಾ ಕೊಂಡವನ ನಷ್ಟ ಹಣದ್ದು ಮಾತ್ರವಲ್ಲ. ನೋಡಬೇಕೆಂಬ ಅವನ ಉತ್ಸಾಹವೇ ಕುಂದುತ್ತದೆ.

ಆದಕಾರಣ ಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ‘ಎಷ್ಟು ದೂರ ಕಾಣುತ್ತದೆ’ ಎಂಬುದಲ್ಲ, ‘ಕಂಡುದರಲ್ಲಿ ನಿಜವೆಷ್ಟು’ ಎಂಬುದು. ಬೆಳಕು ತಂದುದನ್ನು ಉಳಿಸಿ, ತಾರದುದನ್ನು ಕಲ್ಪಿಸದೆ ತೋರುವ ಕ್ಯಾಮರಾವೇ ಉತ್ತಮ. ಬೆಟ್ಟದ ಕಲ್ಲು ಕಲ್ಲಾಗಿ, ಮುಳ್ಳು ಮುಳ್ಳಾಗಿ ಕಂಡಾಗಲೇ ದೂರವನ್ನು ಗೆದ್ದಂತೆ.