ತಗಡಿನ ಥೇಟರಿನ ಬಾಗಿಲು ಕಾಯುತ್ತಿದ್ದ ಹುಡುಗ

ಓಂ ಬೀಚಿಗೆ ಬಂದವರೆಲ್ಲ ಮೊದಲು ಮಾಡುವ ಕೆಲಸ ಒಂದೇ. ಗುಡ್ಡದ ಮೇಲೆ ನಿಂತು ಕೆಳಗಿನ ಎರಡು ಅರ್ಧಚಂದ್ರಗಳ ಫೋಟೊ ಹೊಡೆಯುವುದು. ಹೊಡೆಯಿರಿ, ಬೇಡ ಅನ್ನುವವರು ಯಾರು! ಆಮೇಲೆ ಒಂದು ನಿಮಿಷ ದಕ್ಷಿಣಕ್ಕೆ ತಿರುಗಿ. ಹಾಫ್ ಮೂನ್, ಪ್ಯಾರಡೈಸ್ ತೀರಗಳನ್ನು ದಾಟಿ, ಅಘನಾಶಿನಿಯ ಅಳಿವೆಯನ್ನೂ ದಾಟಿದರೆ ಕುಮಟಾ. ಅದರಾಚೆ ಹೊನ್ನಾವರದ ಸೀಮೆ. ಮರಾಠಿ ಸಿನಿಮಾಕ್ಕೆ ಬುನಾದಿ ಹಾಕಿದವರಲ್ಲಿ ಒಬ್ಬರಾದ, ನಟ ಮತ್ತು ನಿರ್ದೇಶಕ ವಿ. ಶಾಂತಾರಾಮರ ಕಥೆಯನ್ನು ಇಲ್ಲಿಂದಲೇ ಶುರು ಮಾಡಬಹುದು ಎಂದರೆ ನಂಬುತ್ತೀರಾ? ಕೊಲ್ಹಾಪುರದಿಂದಲ್ಲ, ಪುಣೆಯಿಂದಲ್ಲ, ಈ ಉಪ್ಪುಗಾಳಿಯಿಂದ!

ಮೊದಲು ಹತ್ತಿಯ ಮಾತು. ಧಾರವಾಡ ಸೀಮೆಯ ಎರೆಹೊಲದಲ್ಲಿ ಬೆಳೆದ ಹತ್ತಿ ಚಕ್ಕಡಿ ಏರಿ, ಘಟ್ಟ ಇಳಿದು, ಕುಮಟಾ ಬಂದರಿನಲ್ಲಿ ಹಡಗು ಹತ್ತುತ್ತಿತ್ತು. ಅಮೆರಿಕದಲ್ಲಿ ಅಂತರ್ಯುದ್ಧ ನಡೆದ 1860ರ ದಶಕದಲ್ಲಿ ಇಂಗ್ಲೆಂಡಿನ ಗಿರಣಿಗಳಿಗೆ ಹತ್ತಿಯ ಬರ ಬಿತ್ತು ನೋಡಿ, ಆಗ ಕುಮಟಾದ ವೈಭವ ಕೇಳಬೇಕೆ! ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ಕಿತ್ತು ಮುಂಬೈ ಪ್ರಾಂತ್ಯಕ್ಕೆ ಸೇರಿಸಿದ್ದೂ 1862ರಲ್ಲಿ, ಇದೇ ಹತ್ತಿಯ ಕಾಲದಲ್ಲಿ. ಆದರೆ 1880ರ ದಶಕದಲ್ಲಿ ಹುಬ್ಬಳ್ಳಿಗೆ ರೈಲು ಬಂತು. ಹತ್ತಿ ರೈಲು ಹತ್ತಿತು, ಕುಮಟಾ ಬಡವಾಯಿತು. ಹುಬ್ಬಳ್ಳಿಯಲ್ಲಿ ದೊಡ್ಡದೊಂದು ರೈಲ್ವೆ ವರ್ಕ್‌ಶಾಪ್ ಎದ್ದು ನಿಂತಿತು.

ಕೆಲವು ದಶಕಗಳ ನಂತರ ಅದೇ ವರ್ಕ್‌ಶಾಪಿನಲ್ಲಿ ಕಬ್ಬಿಣದೊಂದಿಗೆ ಗುದ್ದಾಡುತ್ತಿದ್ದ ಒಬ್ಬ ಹದಿಹರೆಯದ ಹುಡುಗನನ್ನು ನೋಡಿ. ಹೆಸರು ಶಾಂತಾರಾಮ ವಣಕುದ್ರೆ. ಹುಟ್ಟಿದ್ದು ಕೊಲ್ಹಾಪುರದಲ್ಲಿ, 1901ರ ನವೆಂಬರ್ 18ರಂದು. ಹಗಲು ಎಣ್ಣೆ, ಮಸಿ, ಸುತ್ತಿಗೆಯ ಸದ್ದು. ಸಂಜೆಯಾದರೆ ಊರಿನ ಒಂದು ತಗಡಿನ ಸಿನಿಮಾ ಥೇಟರಿನಲ್ಲಿ ಚಿಲ್ಲರೆ ಕೆಲಸ, ಬಾಗಿಲು ಕಾಯುವ ಕೆಲಸ. ಬಾಗಿಲು ಕಾಯುವವನಿಗಿರುವ ಭಾಗ್ಯ ಟಿಕೆಟ್ ಕೊಂಡವನಿಗಿಲ್ಲ! ಟಿಕೆಟಿನವನು ಒಮ್ಮೆ ನೋಡಿ ಮನೆಗೆ ಹೋಗುತ್ತಾನೆ. ಇವನಿಗೆ ಅದೇ ಚಿತ್ರ ದಿನದಿನವೂ. ದಾದಾಸಾಹೇಬ ಫಾಲ್ಕೆಯವರ ಮೂಕಿಚಿತ್ರಗಳನ್ನು ಈ ಹುಡುಗ ಕಣ್ತುಂಬಿಕೊಂಡದ್ದು ಅಲ್ಲಿ. ಯಾವ ದೃಶ್ಯಕ್ಕೆ ಜನ ಕೇಕೆ ಹಾಕುತ್ತಾರೆ, ಯಾವಾಗ ಬೀಡಿ ಹಚ್ಚಲು ಎದ್ದು ಹೋಗುತ್ತಾರೆ, ಇದಕ್ಕಿಂತ ದೊಡ್ಡ ಪಾಠಶಾಲೆ ಸಿನಿಮಾದವನಿಗೆ ಯಾವುದಿದ್ದೀತು? ನನ್ನ ಮಟ್ಟಿಗೆ ಶಾಂತಾರಾಮರ ಮೊದಲ ಫಿಲ್ಮ್ ಇನ್‌ಸ್ಟಿಟ್ಯೂಟ್ ಹುಬ್ಬಳ್ಳಿಯ ಆ ತಗಡಿನ ಗೋಡೆಗಳೇ.

ಅದಕ್ಕೂ ಮುಂಚೆ ಅವನು ಮರಾಠಿ ರಂಗನಟ ಬಾಲಗಂಧರ್ವರ ಗಂಧರ್ವ ನಾಟಕ ಮಂಡಳಿಯಲ್ಲಿದ್ದ. ಇಲ್ಲಿ ಇನ್ನೊಂದು ಬೆರಗು ಕಾದಿದೆ, ತಡೆಯಿರಿ. ಮರಾಠಿ ರಂಗಭೂಮಿ ಹುಟ್ಟಿದ್ದು ಹೇಗೆ? ಹೊನ್ನಾವರದ ಪಕ್ಕದ ಕರ್ಕಿಯ ಯಕ್ಷಗಾನ ಮೇಳ ಘಟ್ಟ ಹತ್ತಿ ಸಾಂಗ್ಲಿಯವರೆಗೂ ಹೋಗಿ ಆಟ ಆಡಿತು. ಸಾಂಗ್ಲಿಯ ದೊರೆ ಚಿಂತಾಮಣರಾವ್ ಪಟವರ್ಧನ ಮನಸೋತು, ಮರಾಠಿಯಲ್ಲೂ ಇಂಥದ್ದೊಂದು ಆಗಲಿ ಎಂದ. ಆಸ್ಥಾನದ ವಿಷ್ಣುದಾಸ ಭಾವೆ 1843ರಲ್ಲಿ ‘ಸೀತಾ ಸ್ವಯಂವರ’ ಆಡಿಸಿದರು. ಮರಾಠಿ ನಾಟಕದ ಚರಿತ್ರೆ ಸಾಮಾನ್ಯವಾಗಿ ಶುರುವಾಗುವುದು ಆ ರಾತ್ರಿಯಿಂದ. ನಮ್ಮ ಕರ್ಕಿಯ ಭಾಗವತರ ಜಾಗಟೆ ಸಾಂಗ್ಲಿಯಲ್ಲಿ ಮೊಳಗಿ, ನಾಟಕವಾಗಿ, ಸಂಗೀತ ನಾಟಕವಾಗಿ, ಗಂಧರ್ವ ಮಂಡಳಿಯಾಗಿ, ಕೊನೆಗೆ ಶಾಂತಾರಾಮನೆಂಬ ಹುಡುಗನ ಕಿವಿಗೆ ಬಿತ್ತು! ಅರಬ್ಬಿ ಸಮುದ್ರದ ಅಂಚಿನ ಒಂದು ಹಳ್ಳಿಯ ಬಯಲಾಟ ಎಲ್ಲೆಲ್ಲಿಗೆ ಹೋಗಿ ಮುಟ್ಟಿತು ನೋಡಿ.

1920ರಲ್ಲಿ ಅವನು ಕೊಲ್ಹಾಪುರಕ್ಕೆ ಮರಳಿ ಬಾಬುರಾವ್ ಪೇಂಟರ್ ಅವರ ಮಹಾರಾಷ್ಟ್ರ ಫಿಲ್ಮ್ ಕಂಪನಿ ಸೇರಿದ. ಪೇಂಟರ್ ಎಂಥ ಆಸಾಮಿ ಎಂದರೆ, ಕ್ಯಾಮೆರಾವನ್ನೇ ಸ್ವಂತ ಕೈಯಿಂದ ಕಟ್ಟಿದವರು. ಅಂಥವರ ಬಳಿ ಇದು ನನ್ನ ಕೆಲಸವಲ್ಲ ಎನ್ನುವ ಮಾತೇ ಇಲ್ಲ. ಕಸ ಹೊಡೆ, ಸೆಟ್ಟು ಕಟ್ಟು, ರೀಲು ತೊಳೆ, ಬಣ್ಣ ಹಚ್ಚಿಕೊಂಡು ನಿಲ್ಲು! ‘ಸುರೇಖಾ ಹರಣ’ದಲ್ಲಿ ಶಾಂತಾರಾಮ ಕೃಷ್ಣನಾದ. 1925ರ ‘ಸಾವಕಾರಿ ಪಾಶ’ದಲ್ಲಿ, ಸಾಹುಕಾರನ ಕಾಗದಕ್ಕೆ ಹೊಲ ಕಳೆದುಕೊಂಡು ಪಟ್ಟಣದ ಗಿರಣಿಗೆ ದುಡಿಯಲು ಹೋಗುವ ರೈತ. ದೇವರು, ರಾಕ್ಷಸರು, ಪವಾಡಗಳೇ ತೆರೆ ತುಂಬಿದ್ದ ಕಾಲದಲ್ಲಿ ಒಬ್ಬ ಸಾಲಗಾರ ರೈತ! ಮಸಿ ಮೆತ್ತಿದ ಕೈಯಿಂದ ದುಡಿದು ಬಂದವನಿಗೆ ಈ ಪಾತ್ರ ಒಗ್ಗಿದ್ದರಲ್ಲಿ ಆಶ್ಚರ್ಯವೇನು?

ಮುಂದಿನದು ಓಟ. 1927ರಲ್ಲಿ ‘ನೇತಾಜಿ ಪಾಲಕರ್’ ಮೂಲಕ ನಿರ್ದೇಶಕ. 1929ರ ಜೂನ್ 1ರಂದು ದಾಮ್ಲೆ, ಫತ್ತೇಲಾಲ್, ಧಾಯಬರ್, ಕುಲಕರ್ಣಿ ಅವರೊಂದಿಗೆ ಪ್ರಭಾತ್ ಫಿಲ್ಮ್ ಕಂಪನಿ. 1932ರಲ್ಲಿ ಮರಾಠಿಯ ಮೊದಲ ಟಾಕಿ ‘ಅಯೋಧ್ಯೇಚಾ ರಾಜಾ’, ಅದೇ ಹರಿಶ್ಚಂದ್ರನ ಕಥೆ. ಮರುವರ್ಷ ಕಂಪನಿ ಪುಣೆಗೆ ಹೋಯಿತು. ಇಂದಿನ ಫಿಲ್ಮ್ ಇನ್‌ಸ್ಟಿಟ್ಯೂಟ್ ನಿಂತಿರುವುದು ಅದೇ ಪ್ರಭಾತದ ಅಂಗಳದಲ್ಲಿ. ಇತ್ತ ಕನ್ನಡ ಸಿನಿಮಾಕ್ಕೆ ಮಾತು ಬಂದದ್ದು ಎಲ್ಲಿ? 1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ತೆರೆ ಕಂಡ ‘ಸತಿ ಸುಲೋಚನ’ದ ಚಿತ್ರೀಕರಣ ನಡೆದದ್ದು ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ! ಹುಬ್ಬಳ್ಳಿ ಮರಾಠಿಯವರಿಗೊಬ್ಬ ನಿರ್ದೇಶಕನನ್ನು ತಯಾರು ಮಾಡಿ ಕೊಟ್ಟರೆ, ಕೊಲ್ಹಾಪುರ ನಮ್ಮ ರಾವಣ, ಇಂದ್ರಜಿತು, ಸುಲೋಚನೆಯರಿಗೆ ಜಾಗ ಕೊಟ್ಟಿತು.

ಶಾಂತಾರಾಮರ ಚಿತ್ರಗಳಲ್ಲಿ ಇಂದಿಗೂ ಮೈ ಜುಮ್ಮೆನ್ನಿಸುವುದು ನನ್ನ ಲೆಕ್ಕದಲ್ಲಿ ಎರಡು. ಒಂದು, 1937ರ ‘ಕುಂಕು’. ಮುದುಕನಿಗೆ ಕಟ್ಟಿದ ಹುಡುಗಿ ಆ ಸಂಸಾರವನ್ನೇ ಒಪ್ಪದೆ ಸೆಟೆದು ನಿಲ್ಲುವ ಕಥೆ. ಇನ್ನೊಂದು, 1939ರ ‘ಮಾಣೂಸ್’. ಒಬ್ಬ ಪೊಲೀಸ್ ಪೇದೆ, ಒಬ್ಬಳು ವೇಶ್ಯೆ, ನಡುವೆ ಚಿಗುರುವ ಪ್ರೀತಿ. ಆ ಮೈನಾಳ ಪಾತ್ರ ಮಾಡಿ ಮಹಾರಾಷ್ಟ್ರಕ್ಕೆಲ್ಲ ಹಾಡಿನ ಹುಚ್ಚು ಹಿಡಿಸಿದವರು ಶಾಂತಾ ಹುಬ್ಳೀಕರ್. ಹುಬ್ಬಳ್ಳಿ ಮಗ್ಗುಲಿನ ಅದರಗುಂಚಿಯ ರಾಜಮ್ಮ! ಮುಂದೆ 1953ರಲ್ಲಿ ಕರ್ನಾಟಕದ ಏಕೀಕರಣಕ್ಕಾಗಿ ಶಂಕರಗೌಡರು ಉಪವಾಸ ಕೂತರಲ್ಲ, ಅವರ ಅದೇ ಅದರಗುಂಚಿ. ಥೇಟರಿನ ಬಾಗಿಲು ಕಾದ ಹುಡುಗ ನಿರ್ದೇಶಕನಾಗಿ ಕೂತಿದ್ದಾನೆ, ಕ್ಯಾಮೆರಾದೆದುರು ಆ ಊರಿನ ನೆರೆಯ ಹಳ್ಳಿಯ ಹೆಣ್ಣುಮಗಳು. ಕಥೆ ಕಟ್ಟಿದರೂ ಇಷ್ಟು ಚಂದ ಕೂಡಿಬರಲಿಕ್ಕಿಲ್ಲ.

1942ರಲ್ಲಿ ಶಾಂತಾರಾಮರು ಪ್ರಭಾತ್ ಬಿಟ್ಟು ಮುಂಬೈಯಲ್ಲಿ ರಾಜಕಮಲ್ ಕಲಾಮಂದಿರ ಕಟ್ಟಿದರು. 1957ರ ‘ದೋ ಆಂಖೇಂ ಬಾರಹ್ ಹಾಥ್’ನಲ್ಲಿ ತಾವೇ ಜೈಲರ್ ಆಗಿ, ಗೂಳಿಯೊಂದಿಗೆ ಸೆಣಸುವ ದೃಶ್ಯದಲ್ಲಿ ಕಣ್ಣಿಗೆ ಪೆಟ್ಟು ಮಾಡಿಕೊಂಡರು. ಚಿತ್ರ ಬರ್ಲಿನ್ನಿನಲ್ಲಿ ಬೆಳ್ಳಿಕರಡಿ ಗೆದ್ದಿತು. 1985ರ ಫಾಲ್ಕೆ ಪ್ರಶಸ್ತಿ ಅವರಿಗೇ ಸಂದಿತು. ಯಾರ ಚಿತ್ರಗಳನ್ನು ಬಾಗಿಲಲ್ಲಿ ನಿಂತು ನೋಡಿದ್ದರೋ ಅವರದೇ ಹೆಸರಿನ ಪ್ರಶಸ್ತಿ!

ಈ ಕರಾವಳಿಯ ಮರಾಠಿ ನಂಟು ಅಲ್ಲಿಗೂ ಮುಗಿಯಲಿಲ್ಲ. ಹೊನ್ನಾವರದ ಬಳಿಯ ಮಲ್ಲಾಪುರದಲ್ಲಿ 1954ರಲ್ಲಿ ಹುಟ್ಟಿದ ಇನ್ನೊಬ್ಬ ಹುಡುಗ ಮುಂಬೈಯ ಮರಾಠಿ ರಂಗಭೂಮಿಯಲ್ಲಿ ಪಳಗಿದ. ಪುಣೆಯಲ್ಲಿ ಬ್ರಿಟಿಷ್ ಅಧಿಕಾರಿ ರ್‍ಯಾಂಡ್‌ನನ್ನು ಕೊಂದ ಚಾಪೇಕರ್ ಸಹೋದರರನ್ನು ಕುರಿತ ‘22 ಜೂನ್ 1897’ ಎಂಬ ಪ್ರಶಸ್ತಿವಿಜೇತ ಮರಾಠಿ ಚಿತ್ರದ ಬರವಣಿಗೆಯಲ್ಲಿ ಅವನ ಕೈಯೂ ಇದೆ. ಆ ಹುಡುಗ ಶಂಕರ್ ನಾಗ್. ಆಟೋದ ಹಿಂದೆ ಶಂಕ್ರಣ್ಣನ ಚಿತ್ರ ಬರೆಸಿಕೊಂಡವರಲ್ಲಿ ಎಷ್ಟು ಮಂದಿ ಆ ಸಿನಿಮಾ ನೋಡಿದ್ದಾರೋ, ಮುಂದಿನ ಸಲ ಆಟೋ ಹತ್ತಿದಾಗ ಕೇಳಿ ನೋಡಿ.