ಸೀಟಿ ಒಬ್ಬರದು, ಬಾಯಿ ಹತ್ತಾರು!

ಟೇಕಲ್: ‘ಏನ್ ಸಾರ್, ಕಣ್ಣು ಕಾಣಲ್ವಾ? ಬೋನಸ್ ಗೆರೆ ದಾಟಿದಾನೆ!’

ಹೊನಲು ಬೆಳಕಿನ ಕಬಡ್ಡಿ ನಡೆದ ಕಡೆಯೆಲ್ಲ ಈ ಕೂಗು ಇದ್ದದ್ದೇ. ಟೇಕಲ್ ಸುತ್ತಿನ ಹಳ್ಳಿಗಳೂ ಇದಕ್ಕೆ ಹೊರತಲ್ಲ. ಇಲ್ಲಿ ಬೈಗುಳ ತೆಲುಗಿನಲ್ಲಿ, ತೀರ್ಪು ಕನ್ನಡದಲ್ಲಿ, ಅಷ್ಟೇ ವ್ಯತ್ಯಾಸ. ಮೊದಲು ಎದ್ದು ನಿಲ್ಲೋದು ಆಟಗಾರನಲ್ಲ, ಕೋಚ್ ಸಾಹೇಬರು.

ಬೋನಸ್ ಪಾಯಿಂಟನ್ನೇ ನೋಡಿ. ಎದುರಾಳಿಗಳು ಕನಿಷ್ಠ 6 ಜನ ಅಂಕಣದಲ್ಲಿರಬೇಕು. ರೈಡರ್‌ನ ಒಂದು ಕಾಲು ಗೆರೆ ದಾಟಬೇಕು, ಇನ್ನೊಂದು ಗಾಳಿಯಲ್ಲಿರಬೇಕು. ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುವ ಕೆಲಸ. ಅದೂ ಸುಣ್ಣದ ಗೆರೆ; ಹತ್ತು ರೈಡ್ ಆಗುವಷ್ಟರಲ್ಲಿ ಅರ್ಧ ಅಳಿಸಿರುತ್ತೆ. ಅಳಿಸಿದ ಗೆರೆ ಕೋಚ್‌ಗೆ ಮಾತ್ರ ಅದು ಹೇಗೋ ಸ್ಪಷ್ಟವಾಗಿ ಕಾಣುತ್ತೆ!

ಪಳಗಿದ ರೆಫರಿ ವಾದಕ್ಕೆ ಇಳಿಯೋದಿಲ್ಲ. ಗಡಿಯಾರ ನಿಲ್ಲಿಸ್ತಾನೆ. ಇಬ್ಬರು ಅಂಪೈರ್‌ಗಳನ್ನು ಕರೆದು, ಕೋಚ್‌ಗೆ ಬೆನ್ನು ಮಾಡಿ ಮಾತಾಡ್ತಾನೆ. ಆಮೇಲೆ ಕ್ಯಾಪ್ಟನ್‌ಗೆ ಎರಡು ಮಾತು, ಕೋಚ್‌ಗೆ ಒಂದೇ ಮಾತು: ‘ಕೂತ್ಕೊಳ್ಳಿ’. ಕೂರದಿದ್ದರೆ ಜೇಬಿನಲ್ಲಿ ಮೂರು ಕಾರ್ಡು. ಹಸಿರು ಅಂದರೆ ಎಚ್ಚರಿಕೆ, ಹಳದಿ ಅಂದರೆ 2 ನಿಮಿಷ ಹೊರಗೆ, ಕೆಂಪು ಅಂದರೆ ಆ ಪಂದ್ಯಕ್ಕೇ ಸಲಾಂ.

ಕಾರ್ಡು ತೆಗೆಯೋದು ಹೇಳಿದಷ್ಟು ಸುಲಭವಲ್ಲ. ಹಳ್ಳಿ ತಂಡದ ಕೋಚ್ ಅಂದರೆ ಎಷ್ಟೋ ಸಲ ಹುಡುಗರ ಬನೀನಿಗೂ ಬಸ್ ಚಾರ್ಜಿಗೂ ಕೈಯಿಂದ ದುಡ್ಡು ಹಾಕಿದ ಹಿರಿಯ. ರೆಫರಿ ಪಕ್ಕದೂರಿನ ಪಿ.ಟಿ. ಮೇಷ್ಟ್ರು. ಬೆಳಗಾದರೆ ಇಬ್ಬರೂ ಅದೇ ಮಾಲೂರು ಬಸ್ಸಿಗೆ ಕಾಯಬೇಕು. ಹಾಗಂತ ಗದ್ದಲಕ್ಕೆ ಹೆದರಿ ಒಂದು ಪಾಯಿಂಟ್ ವಾಪಸ್ ಕೊಟ್ಟರೋ, ಮುಂದಿನ ಪಂದ್ಯದಲ್ಲಿ ಎರಡೂ ಕಡೆಯವರು ಎದ್ದು ನಿಲ್ತಾರೆ.

ದೊಡ್ಡವರೇನು ಕಮ್ಮಿಯಿಲ್ಲ. 2023ರ ಅಕ್ಟೋಬರ್ 7ರಂದು ಚೀನಾದ ಹಾಂಗ್‌ಝೌನಲ್ಲಿ ಏಷ್ಯನ್ ಗೇಮ್ಸ್ ಫೈನಲ್. ಭಾರತ, ಇರಾನ್ 28-28 ಸಮ. ಪವನ್ ಸೆಹ್ರಾವತ್ ಯಾರನ್ನೂ ಮುಟ್ಟದೆ ಲಾಬಿಗೆ ಕಾಲಿಟ್ಟರು, ಹಿಂದೆಯೇ ಇರಾನಿನವರೂ ನುಗ್ಗಿದರು. ಔಟ್ ಪವನ್ ಒಬ್ಬರೋ, ಬೆನ್ನಟ್ಟಿದವರೂ ಔಟೋ? ಹಳೇ ನಿಯಮ, ಹೊಸ ನಿಯಮ ಅಂತ ಜಟಾಪಟಿ. ತೀರ್ಪು ಅತ್ತ ಹೋಯಿತು, ಇತ್ತ ಬಂತು. ಆಟಗಾರರು ಮ್ಯಾಟ್ ಮೇಲೆ ಧರಣಿ ಕೂತರು. ಸುಮಾರು ಒಂದು ಗಂಟೆ ಆಟ ನಿಂತು, ಕೊನೆಗೆ ಭಾರತಕ್ಕೆ 33-29ರ ಗೆಲುವು.

ಅಲ್ಲಿ ವಿಡಿಯೋ ಇತ್ತು, ಮೇಜಿನ ಸುತ್ತ ಅಧಿಕಾರಿಗಳಿದ್ದರು. ಇಲ್ಲಿ ಮೇಷ್ಟ್ರ ಹತ್ತಿರ ಇರೋದು ಸೀಟಿ, ಹತ್ತಿರದಲ್ಲೇ ಒಂದು ಬಾಂಡ್ಲಿ ಸುಣ್ಣ. ಜಗಳ ಜೋರಾದಾಗ ಕೆಲವರು ಏನೂ ಮಾತಾಡದೆ ಗೆರೆಯನ್ನೇ ಮತ್ತೆ ಎಳೆಸ್ತಾರೆ. ಅದು ಒಣಗುವಷ್ಟರಲ್ಲಿ ಕೋಚ್ ಕುರ್ಚಿ ಹುಡುಕಿಕೊಂಡಿರ್ತಾರೆ.